ಮಡುವಿನ ಮರಿಗಳು

ಅಗಳಿ ಊರಿನಾಚೆಯ ಹಳ್ಳದಲ್ಲಿರುವ ಗಂಗಮ್ಮನ ಮಡುವಿಗೆ ಯಾರೂ ಬಲೆ ಇಳಿಸುವಂತಿಲ್ಲ. ಅಲ್ಲಿನ ಸಾಸಲು ದೇವರ ಮೀನು. ಬೆರಳುದ್ದ, ಬಾಲದ ಬುಡದಲ್ಲೊಂದು ಕಪ್ಪು ಚುಕ್ಕೆ. ಸೋಮವಾರ ಹೆಂಗಸರು ಮಂಡಕ್ಕಿ ಚೆಲ್ಲಿದರೆ ತಳದ ಉರುಟುಕಲ್ಲುಗಳ ಸಂದಿಯಿಂದ ಮಿಂಚುತ್ತ ಮೇಲೆ ಬರುತ್ತಿದ್ದವು. ಹರಕೆ ಹೊತ್ತವರು ಮಾತ್ರ ಒಂದು ತಂಬಿಗೆ ಮೀನು ತುಂಬಿ ಅದೇ ಹಳ್ಳದ ಮೇಲಿನ ಇನ್ನೊಂದು ಮಡುವಿಗೆ ಬಿಡುವುದುಂಟು.

ಆಶಾ ಕಾರ್ಯಕರ್ತೆ ಆದಿಲಕ್ಷ್ಮಿ ಬಟ್ಟೆ ಜಾಲಿಸಲು ಹೋದಾಗ ಪಾಲಮ್ಮಜ್ಜಿ ಮೊಣಕಾಲುದ್ದ ನೀರಿನಲ್ಲಿ ನಿಂತು ತಂಬಿಗೆ ತುಂಬುತ್ತಿದ್ದಳು.

“ನೋಡೇ ಆದಿ, ಎಷ್ಟು ಮರಿ ಹಾಕವೆ! ಮೊಮ್ಮಗಳ ಹೆರಿಗೆ ಸಲೀಸಾಯ್ತಲ್ಲ, ಹರಕೆ ತೀರಿಸ್ಬುಡ್ತೀನಿ. ಮೇಲಿನ ಮಡುವ್ನಾಗೆ ಹಳೇವು ನಾಕು ಅವೆ, ಜೊತೆಗಿರ್ಲಿ.”

ಆದಿಲಕ್ಷ್ಮಿ ತಂಬಿಗೆಯೊಳಗೆ ಇಣುಕಿದಳು. ಅವು ಮರಿಗಳಲ್ಲ. ಮಲೇರಿಯಾ ಇಲಾಖೆಯವರು ಕೊಟ್ಟ ಗಂಬೂಸಿಯಾ, ಸೊಳ್ಳೆಹುಳ ತಿನ್ನುವ ಮೀನು. “ಬಾವಿ, ತೊಟ್ಟಿಗೆ ಮಾತ್ರಮ್ಮಾ, ಹಳ್ಳಕ್ಕೆ ವದ್ದು, ಬೇಡ” ಎಂದು ಇಲಾಖೆಯ ಸಾರ್ ಹೇಳಿದ್ದರು. ಹೋದ ಮಳೆಗಾಲ ಬಕೀಟಿನಲ್ಲಿ ಮಿಕ್ಕವು ಬಾಯಿಬಾಯಿ ಬಿಡುವುದನ್ನು ನೋಡಲಾರದೆ ಇಲ್ಲಿ ಸುರಿದವಳು ಅವಳೇ. ಪುಣ್ಯ ಮಾಡಿದೆನೆಂದುಕೊಂಡು ಅಂದು ನೆಮ್ಮದಿಯಾಗಿ ಉಂಡಿದ್ದಳು ಕೂಡ. ಆಮೇಲೆ ಅವು ಸಾಸಲಿನ ಮೊಟ್ಟೆ, ಮರಿ ಎಲ್ಲವನ್ನೂ ನುಂಗುತ್ತ ಬಂದವು. ಮಡುವಿನಲ್ಲಿ ಚುಕ್ಕೆಯ ಮೀನು ಕಾಣಿಸಿ ಎಷ್ಟೋ ಕಾಲವಾಗಿತ್ತು.

ಅಜ್ಜಿಯ ಕಣ್ಣು ಮಂಜು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಮೇಲಿನ ಮಡುವೂ ಹೋಗುತ್ತದೆ.

ಅಜ್ಜಿ ದಡ ಹತ್ತಿದಳು.

“ಅಜ್ಜೀ, ನಿಂತ್ಕೋ. ಅವು ಮರಿ ಅಲ್ಲ.”

“ಮತ್ತೇನು, ನಿಮ್ಮಪ್ಪನ ಮನೆ ಹುಣಸೆಬೀಜವಾ?”

“ಸೊಳ್ಳೆಮೀನು. ನಾನೇ ತಂದಿದ್ದು. ಬಕೀಟ್ನಾಗೆ ಸಾಯೋದು ನೋಡಕ್ಕಾಗ್ದೆ ಇಲ್ಲಿ ಬಿಟ್ಟೆ. ನಮ್ಮ ಮೀನ್ನ ಇವೇ ತಿಂದಿರೋದು.”

ಅಜ್ಜಿ ತಂಬಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಹಂಗಾರೆ ಇಷ್ಟು ದಿನ ಕೈಮುಗಿದು ಮಂಡಕ್ಕಿ ಹಾಕಿದ್ದು ಇವಕ್ಕಾ?”

“ಹೂಂ.”

ಬೈದಿದ್ದರೆ ಹಗುರಾಗುತ್ತಿತ್ತು. ಅಜ್ಜಿ ತಂಬಿಗೆಯನ್ನು ಬಿಸಿಲ ಬಂಡೆಯ ಮೇಲೆ ಬೋರಲು ಹಾಕಿದಳು. ಮೀನುಗಳು ಪಟಪಟನೆ ಹೊರಳಾಡಿದವು. ಆದಿಲಕ್ಷ್ಮಿ ಮುಖ ಆಚೆ ತಿರುಗಿಸಿದಳು.

“ಅವತ್ತು ನೋಡಕ್ಕಾಗ್ಲಿಲ್ಲ ಅಂದ್ಯಲ್ಲ. ಈಗ ನೋಡು.”

ನೋಡಿದಳು, ಕೊನೆಯದು ಅಲುಗಾಡುವುದು ನಿಲ್ಲುವವರೆಗೂ.

“ಆ ಒಗೆಯೋ ಸೀರೆ ತಗೊಂಬಾ. ಒಂದು ಕಡೆ ನೀನ್ ಹಿಡ್ಕೋ.”

“ದೇವರ ಮಡು, ಅಜ್ಜೀ…”

“ಗಂಗಮ್ಮಂಗೆ ನಾನು ಹೇಳ್ಕೊಂತೀನಿ, ಇಳಿ.”

ಸೀರೆ ತಳ ಸವರಿಕೊಂಡು ಮೇಲೆ ಬಂತು. ಆದಿಲಕ್ಷ್ಮಿ ಒಂದೊಂದನ್ನೂ ಎತ್ತಿ, ಬಾಲದ ಬುಡ ನೋಡಿ, ಬಂಡೆಯ ಮೇಲಿಟ್ಟಳು. ಚುಕ್ಕೆ ಯಾವುದಕ್ಕೂ ಇರಲಿಲ್ಲ. ಇಬ್ಬರೂ ಸೀರೆಯನ್ನು ಮತ್ತೆ ನೀರಿಗಿಳಿಸಿದರು.