ಹದಿನೆಂಟು ಪೆಟ್ಟಿಗೆಗಳ ಅಡಿಗೆಮನೆ

ಅಡಿಗೆಮನೆ ಇಲ್ಲದ ಮನೆಗೆ ನಾನು ಸಾಮಾನು ತರುವುದಿಲ್ಲ ಎಂದು ಇಮ್ಕೆ ಮಾರ್ಚ್ ತಿಂಗಳಲ್ಲೇ ಹೇಳಿಬಿಟ್ಟಿದ್ದಳು. ಈಗ ಮೇ ಮುಗಿಯುತ್ತ ಬಂದಿತ್ತು. ಅವಳು ಇನ್ನೂ ಲೇರ್ ಊರಿನಲ್ಲಿ ತಾಯಿಯ ಜೊತೆಗೇ ಇದ್ದಳು. ಎಮ್ಡೆನ್‌ನ ಮೂರನೆಯ ಮಹಡಿಯಲ್ಲಿ ಇಬ್ಬರಿಗೆಂದು ಹಿಡಿದ ಈ ಮನೆಯಲ್ಲಿ ಒಕ್ಕೊ ಒಬ್ಬನೇ, ಸ್ನಾನದ ತೊಟ್ಟಿಯಲ್ಲಿ ತಟ್ಟೆ ತೊಳೆಯುತ್ತ, ಬಟ್ಟೆ ಒಗೆಯುವ ಮೆಷಿನ್ನಿನ ಮೇಲೆ ಒಂಟಿ ಕರೆಂಟ್ ಒಲೆ ಇಟ್ಟು ಮೊಟ್ಟೆ ಹುರಿಯುತ್ತ ದಿನ ದೂಡುತ್ತಿದ್ದ. ಮೆಷಿನ್ನು ಬಟ್ಟೆ ಹಿಂಡಲು ಶುರುಮಾಡಿತೆಂದರೆ ಬಾಣಲೆ ತಾನಾಗಿಯೇ ನಡೆದುಕೊಂಡು ಅಂಚಿಗೆ ಹೋಗುತ್ತಿತ್ತು.

ಅಡಿಗೆಮನೆ ಅನ್ನುವ ಕೋಣೆಯಲ್ಲಿ ಇದ್ದದ್ದು ಗೋಡೆಯಿಂದ ಮೂತಿ ಚಾಚಿದ ಎರಡು ಪೈಪು, ಒಂದು ದಪ್ಪ ವೈರು, ಮತ್ತೆ ಸಾಲು ಸಾಲು ತೂತು. ಆ ದೇಶದಲ್ಲಿ ಬಾಡಿಗೆ ಮನೆ ಬಿಡುವವನು ಕಪಾಟು, ಒಲೆ, ಸಿಂಕು ಎಲ್ಲವನ್ನೂ ಕಿತ್ತುಕೊಂಡು ಹೋಗುವುದು ಇದ್ದದ್ದೇ. ಕೆಲವರು ಬಲ್ಬನ್ನೂ ಬಿಡುವುದಿಲ್ಲ. ಹೊತ್ತೊಯ್ಯಲು ಮನಸ್ಸಿಲ್ಲದವನು ಬರುವವನಿಗೆ ಮಾರುತ್ತಾನೆ.

ಹಳೆಯ ಬಾಡಿಗೆದಾರ ಹೆರ್ ಲೂಬೆನ್ ಮಾರುತ್ತೇನೆಂದೇ ಹೇಳಿದ್ದರು. ನಾನೂರು ಯೂರೋ ಕೇಳಿದ್ದರು. ಒಕ್ಕೊ ಅವತ್ತು ಇಡೀ ದಿನ ಗಾಳಿಯಲ್ಲಿ ಕಟ್ಟಡಕ್ಕೆ ಕಬ್ಬಿಣದ ಸಾರುವೆ ಕಟ್ಟಿ, ಮೇಸ್ತ್ರಿಯಿಂದ ಬೈಸಿಕೊಂಡು ಬಂದಿದ್ದ. ಮೆಟ್ಟಿಲ ಮೇಲೆ ನಿಂತು, "ಈ ಜಿಡ್ಡು ಕೆರೆಯೋಕೆ ನೀವೇ ನನಗೆ ನಾನೂರು ಕೊಡಬೇಕು" ಎಂದುಬಿಟ್ಟ. ಲೂಬೆನ್ ಮುಂದಿನ ಶನಿವಾರ ಏಳು ಕಪಾಟನ್ನೂ ಬಿಚ್ಚಿ, ಹೊತ್ತು, ಕಸದ ಲಾರಿಗೆಂದು ರಸ್ತೆಯ ಅಂಚಿಗೆ ಇಟ್ಟು ಹೊರಟುಹೋದರು. ಬಿಟ್ಟಿ ಬಿಡುವುದಕ್ಕಿಂತ ಬೆನ್ನು ಮುರಿದುಕೊಳ್ಳುವುದೇ ಮೇಲು ಅನ್ನುವ ಜಾತಿ. ಒಕ್ಕೊ ಕೆಲಸ ಮುಗಿಸಿ ಬರುವಷ್ಟರಲ್ಲಿ ಅಲ್ಲಿ ಒಂದು ತಿರುಪೂ ಇರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ. ಇಮ್ಕೆಗೆ ಅವನು ಹೇಳಿದ್ದು ಒಂದೇ ಮಾತು: ಲೂಬೆನ್ ತಗೊಂಡು ಹೋದರು.

ಇನ್ನು ಉಳಿದದ್ದು ಆನ್‌ಲೈನಿನಲ್ಲಿ ಸಿಗುವ ಕಪಾಟುಗಳ ಸೆಟ್ಟು. ಬಿಳಿ ಬಣ್ಣ, ಎರಡು ಮೀಟರ್ ಎಪ್ಪತ್ತು, ಅಗ್ಗ, ನಾವೇ ಜೋಡಿಸಿಕೊಳ್ಳಬೇಕಾದದ್ದು, ಹದಿನೆಂಟು ಪೆಟ್ಟಿಗೆ. ಇಮ್ಕೆ ಅದನ್ನು ಎಷ್ಟು ಸಲ ಬುಟ್ಟಿಗೆ ಹಾಕಿ ತೆಗೆದಿದ್ದಳೋ ಲೆಕ್ಕವಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು; ಈಗ ಚೆನ್ನಾಗಿ ಕಾಣುತ್ತಾ, ಈಗ ಚೆನ್ನಾಗಿ ಕಾಣುತ್ತಾ ಎಂದು ಕೇಳಿ ಕೇಳಿ ಅದೇ ರೂಢಿಯಾಗಿತ್ತೋ ಏನೋ.

ಮೇ ಕೊನೆಯ ಶನಿವಾರ ಮಧ್ಯಾಹ್ನವೂ ಬಂದಳು. ಕೋಟು ಬಿಚ್ಚಲಿಲ್ಲ, ಶೂ ಬಿಚ್ಚಲಿಲ್ಲ. ಖಾಲಿ ಕೋಣೆಯಲ್ಲಿ ಬಿಯರ್ ಕ್ರೇಟನ್ನು ಬೋರಲು ಹಾಕಿ ಕೂತು ಫೋನು ತೆಗೆದಳು. ಒಕ್ಕೊ ಬಚ್ಚಲಲ್ಲಿ ಚಹಾ ಕಾಯಿಸಿ ತಂದ. ಬಟ್ಟಲಿನ ತಳದಲ್ಲಿ ಕಲ್ಲುಸಕ್ಕರೆ ಚಿಟಚಿಟ ಎಂದಿತು. ಮೇಲೆ ಕೆನೆ ಬಿಟ್ಟ.

"ಕೇಳು," ಅಂದಳು ಇಮ್ಕೆ. "'ಮೂರೇ ತಿಂಗಳಲ್ಲಿ ಸಿಂಕಿನ ಕೆಳಗಿನ ಹಲಗೆ ಬ್ರೆಡ್ಡಿನ ಹಾಗೆ ಉಬ್ಬಿತು.' ಒಂದೇ ಸ್ಟಾರ್."

"ನೀರು ಚೆಲ್ಲಿರ್ತಾನೆ."

"ಸಿಂಕಲ್ಲಿ ನೀರು ಚೆಲ್ಲದೆ ಇನ್ನೇನು ಚೆಲ್ತಾರೆ?"

"ಚೆನ್ನಾಗಿದೆ ಅಂದೋರೂ ಆರ್ನೂರು ಜನ ಇದಾರಲ್ಲ ಮಾರಾಯ್ತಿ. ಅವರದ್ದು ಓದು."

"ಓದ್ದೆ. 'ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ, ಆದ್ರೆ ತುಂಬ ಚೆನ್ನಾಗಿದೆ.' ಐದು ಸ್ಟಾರ್." ಅವಳು ಬೆರಳಿನಿಂದ ಪರದೆ ಮೇಲೆ ತಳ್ಳಿದಳು. "ಇನ್ನೊಬ್ಬಂಗೆ ಎಡಗಡೆ ಬಾಗಿಲು ನಾಲ್ಕು ಬಂದ್ವಂತೆ, ಬಲಗಡೇದು ಒಂದೂ ಇಲ್ಲ. ಮತ್ತೆ ಮನೆ ತನಕ ತರಲ್ವಂತೆ. ಫುಟ್‌ಪಾತಿನ ಅಂಚಲ್ಲಿ ಇಳಿಸಿ ಹೋಗ್ತಾರಂತೆ."

"ನಾನು ದಿನಾ ಐದು ಮಹಡಿಗೆ ಕಬ್ಬಿಣ ಹೊರೋನು. ಹದಿನೆಂಟು ರಟ್ಟಿನ ಪೆಟ್ಟಿಗೆ ಯಾವ ಲೆಕ್ಕ? ಆರ್ಡರ್ ಒತ್ತಲಾ?"

"ತಡಿ."

ಒಕ್ಕೊನ ತಲೆ ಚಿಟ್ಟುಹಿಡಿಯಿತು. ತಡಿ. ಮೂರು ತಿಂಗಳಿಂದ ಇದೊಂದೇ ಮಾತು. ಮೊದಲು ಬಣ್ಣಕ್ಕೆ ತಡಿ, ಆಮೇಲೆ ಹಿಡಿಕೆಗೆ ತಡಿ, ಕೀಲಿಗೆ ತಡಿ. ದೇಶ ಕಟ್ಟಲು ಇಷ್ಟು ಅಳೆದು ಸುರಿದಿರಲಾರರು. ಪುಡಿ ಮರಕ್ಕೆ ಅಂಟು ಕಲಸಿ ಒತ್ತಿ ಬಿಳಿ ಕಾಗದ ಸುತ್ತಿದ ಹಲಗೆ ಅದು. ಅದಕ್ಕೆ ಕೂಡ ಇವಳ ಕಣ್ಣಿಗೆ ಪಾಸಾಗುವ ಯೋಗವಿಲ್ಲ.

"ನಿಂಗೆ ಇಲ್ಲಿ ಬರೋಕೇ ಇಷ್ಟ ಇಲ್ಲ," ಅಂದ. "ಬಾಯಿಬಿಟ್ಟು ಹೇಳೋಕಾಗದೆ ಪಾಪದ ಕಪಾಟಿನ ಮೇಲೆ ಹಾಕ್ತಿದೀಯ."

ಇಮ್ಕೆ ಚಮಚ ತೆಗೆದುಕೊಂಡು ಚಹಾ ಕಲಕಿದಳು. ಒಕ್ಕೊನ ಕೈ ಅಲ್ಲೇ ನಿಂತಿತು. ಆ ಸೀಮೆಯಲ್ಲಿ ಚಹಾವನ್ನು ಯಾರೂ ಕಲಕುವುದಿಲ್ಲ; ಮೊದಲು ಕೆನೆ, ಆಮೇಲೆ ಕಹಿ, ತಳದಲ್ಲಿ ಸಿಹಿ, ಹಾಗೇ ಕುಡಿಯಬೇಕು. ಇಮ್ಕೆ ಕಲಕಿದ್ದನ್ನು ಅವನು ಇವತ್ತೇ ಕಂಡದ್ದು.

"ನಮ್ಮಪ್ಪ ಮನೆ ಬಿಟ್ಟು ಹೋದಾಗ ಮೇಲಿನ ಕಪಾಟುಗಳನ್ನ ಬಿಚ್ಕೊಂಡು ಹೋದ," ಅಂದಳು. "ಕೆಳಗಿನವು ಅಮ್ಮಂಗೆ, ಮೇಲಿನವು ಅವನಿಗೆ. ಅರ್ಧರ್ಧ ದುಡ್ಡು ಹಾಕಿದ್ರಲ್ಲ, ಅದಕ್ಕೆ. ನಾನು ಒಂಬತ್ತು ವರ್ಷದೋಳು, ತಿರುಪು ಹಿಡ್ಕೊಂಡು ನಿಂತಿದ್ದೆ. ಈಗಲೂ ನಮ್ಮನೇಲಿ ಲೋಟಗಳು ಕಿಟಕಿ ಕಟ್ಟೆ ಮೇಲೇನೇ ಇರೋದು. ನೋಡಿಲ್ವಾ ನೀನು?"

ನೋಡಿದ್ದ. ಗಾಳಿಗೆ ಇಟ್ಟಿದ್ದಾರೆ ಅಂದುಕೊಂಡಿದ್ದ.

"ಹದಿನೆಂಟು ಪೆಟ್ಟಿಗೆ. ಒಂಬತ್ತು ನಿಂದು, ಒಂಬತ್ತು ನಂದು ಅಂತ ಒಂದು ದಿನ ಎಣಿಸೋದಾದ್ರೆ, ಈಗ್ಲೇ ಬೇಡ."

ಒಕ್ಕೊಗೆ ಬೈಗುಳವಾದರೆ ಹತ್ತು ಬರುತ್ತಿದ್ದವು. "ಆಲೂಗಡ್ಡೆ ತರ್ತೀನಿ" ಎಂದು ನೆಲಮಾಳಿಗೆಗೆ ಇಳಿದ.

ಕೆಳಗೆ ಮರದ ಪಟ್ಟಿ ಹೊಡೆದು ಮಾಡಿದ ಗೂಡುಗಳು, ಮನೆಗೊಂದು. ಮೊದಲ ಮಹಡಿಯ ಫ್ರಾವ್ ಹಾರ್ಮ್ಸ್ ಮುದುಕಿ ತನ್ನ ಗೂಡಿನ ಬಾಗಿಲು ತೆರೆದು ಜಾಮಿನ ಸೀಸೆಗಳನ್ನು ಜೋಡಿಸುತ್ತಿದ್ದಳು. ಸೀಸೆಗಳು ಎರಡು ಕಪಾಟುಗಳಲ್ಲಿದ್ದವು. ಕಪಾಟುಗಳಿಗೆ, ಮನೆ ನೋಡಲು ಬಂದಾಗ ಅವನೂ ಇಮ್ಕೆಯೂ ಕಂಡಿದ್ದ ಅದೇ ಹಸಿರು ಹಿಡಿಕೆ. ಅವುಗಳ ಹಿಂದೆ ಇನ್ನೂ ಐದು, ಒಂದರ ಮೇಲೊಂದು.

"ಮೋಯಿನ್, ಒಕ್ಕೊ," ಎಂದು ಮುದುಕಿ ಆ ಸೀಮೆಯ ನಮಸ್ಕಾರ ಹೇಳಿದಳು.

"ಇವು ಲೂಬೆನ್ ಅವರದ್ದಲ್ವಾ, ಫ್ರಾವ್ ಹಾರ್ಮ್ಸ್?"

"ಆಗಿತ್ತು. ರಸ್ತೇಲಿ ಇಟ್ಟಿದ್ರು. ಮಳೆ ಬರೋಕೆ ಮುಂಚೆ ನಾನೂ ನನ್ನ ಅಳಿಯನೂ ಒಳಗೆ ಎಳೆದ್ವಿ."

"ಮೂರು ತಿಂಗಳಿಂದ ಇಲ್ಲೇ ಇದಾವಾ?"

"ನೀನು ಕೇಳ್ಲಿಲ್ಲ."

"ನೀವು ಹೇಳ್ಬಹುದಿತ್ತಲ್ಲ. ನಾನು ಬಚ್ಚಲಲ್ಲಿ ತಿಂತಿದೀನಿ."

"ಜಿಡ್ಡು ಅಂತ ನೀನು ಕೂಗಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತ್ತಪ್ಪ. ಜಿಡ್ಡನ್ನ ತಂದು ನಿನ್ನ ಬಾಗಿಲಿಗೆ ಹೇಗಿಡಲಿ?"

ಹಿಂದೆ ಮೆಟ್ಟಿಲ ಮೇಲೆ ಶೂ ಸದ್ದಾಯಿತು. ಆಲೂಗಡ್ಡೆ ತರಲು ಇಷ್ಟು ಹೊತ್ತೇ ಎಂದು ಇಮ್ಕೆ ಇಳಿದು ಬಂದಿದ್ದಳು. ಅವಳು ಹಿಡಿಕೆ ನೋಡಿದಳು, ಮುದುಕಿಯನ್ನು ನೋಡಿದಳು, ಒಕ್ಕೊನನ್ನು ನೋಡಿದಳು.

"ಲೂಬೆನ್ ತಗೊಂಡು ಹೋದ್ರು ಅಂದಿದ್ದೆ ನೀನು."

ಒಕ್ಕೊ ನೆಲ ನೋಡಿದ. "ನಾನೂರಕ್ಕೆ ಕೊಡ್ತೀನಿ ಅಂದ್ರು. ನಾನು ಮೂತಿಗೆ ಹೊಡೆದಂಗೆ ಮಾತಾಡ್ದೆ. ಹೇಳೋಕೆ ಮುಖ ಇರ್ಲಿಲ್ಲ."

ಇಮ್ಕೆ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೊಣಕಾಲೂರಿ, ಪೈಪು ಹೋಗಲು ದುಂಡಗೆ ಕೊರೆದ ಸಿಂಕಿನ ಕಪಾಟಿನೊಳಗೆ ಕೈಹಾಕಿ ತಳದ ಹಲಗೆಯನ್ನು ಮೂಲೆ ಮೂಲೆಗೂ ಸವರಿದಳು.

"ಎಷ್ಟು ವರ್ಷದ್ದು?"

"ಹನ್ನೆರಡು," ಅಂದಳು ಫ್ರಾವ್ ಹಾರ್ಮ್ಸ್.

"ಉಬ್ಬಿಲ್ಲ."

"ಉಬ್ಬಿದ್ದು ಇವನೊಬ್ಬನೇ."

ಒಕ್ಕೊಗೆ ಮೈಯೆಲ್ಲ ಉರಿಯಿತು, ಆದರೆ ಆ ಉರಿ ಕಾರಲು ಯಾರೂ ಸಿಗಲಿಲ್ಲ. "ಕೊಡ್ತೀರಾ, ಫ್ರಾವ್ ಹಾರ್ಮ್ಸ್?" ಎಂದು ಕೇಳಿದ. ಹನ್ನೆರಡು ಹಂತದ ಸಾರುವೆ ಹತ್ತಿದಷ್ಟು ದಣಿವಾಯಿತು.

"ಎರಡರಲ್ಲಿ ನನ್ನ ಜಾಮಿದೆ, ಅವನ್ನ ಕೊಡಲ್ಲ. ಐದು ತಗೊಂಡ್ಹೋಗು. ಆದ್ರೆ ಮೊದಲು ಲೂಬೆನ್‌ಗೆ ಫೋನ್ ಮಾಡು. ಜಿಡ್ಡು ಇರ್ಲಿಲ್ಲ ಅಂತ ಹೇಳು. ನನ್ನ ಮುಂದೇನೇ."

"ಅಷ್ಟು ಒಳ್ಳೇ ಕಪಾಟನ್ನ ರಸ್ತೆಗೆ ಎಸೆದೋರು ಅವರು. ನಾನ್ಯಾಕೆ..."

"ತಡಿ," ಅಂದಳು ಇಮ್ಕೆ. ಈ ಸಲ ಫ್ರಾವ್ ಹಾರ್ಮ್ಸ್ ಕಡೆಗೆ. ಆಮೇಲೆ ಅವನಿಗೆ: "ನಂದೂ ಒಂದು ಕೇಳೋದಿದೆ. ಇದು ಯಾರದ್ದು?"

"ಅಂದ್ರೆ?"

"ನಾವು ಮೇಲೆ ಕಟ್ಟಿದ್ಮೇಲೆ. ನಿಂದಾ, ನಂದಾ?"

ಒಕ್ಕೊ ಯೋಚಿಸಲಿಲ್ಲ, ಯೋಚಿಸಿ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. "ಯಾರದ್ದೂ ಅಲ್ಲ. ಆ ಗೋಡೇದು. ಆ ಗೋಡೆ ಅಳತೆಗೇ ಮಾಡಿದ್ದು, ಬೇರೆ ಎಲ್ಲಿ ಕೂರುತ್ತೆ? ನೀನು ಹೋದ್ರೂ, ನಾನು ಹೋದ್ರೂ, ಇದು ಹೋಗಲ್ಲ. ಒಂದು ತಿರುಪು ಬಿಚ್ಚಿದೋರ ಕೈ ಮುರೀತೀನಿ. ನನ್ನ ಕೈಯಾದ್ರೂ ಸರಿ."

ಇಮ್ಕೆ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡಳು. "ಫೋನ್ ಮಾಡು" ಅಂದಳು.

ಮಾಡಿದ. ಹಲ್ಲು ಕಚ್ಚಿಕೊಂಡು, ಹೆಸರು ಹೇಳಿ, ಜಿಡ್ಡು ಇರಲಿಲ್ಲ ಎಂದ.

"ತಿರುಪುಗಳನ್ನ ಆಯಾ ಕಪಾಟಿನ ಒಳಗೇ ಪೊಟ್ಟಣ ಕಟ್ಟಿ ಅಂಟಿಸಿದೀನಿ," ಅಂದರು ಲೂಬೆನ್. "ಎಡದಿಂದ ಶುರು ಮಾಡು." ಫೋನು ಇಟ್ಟರು.

ತಿರುಗಿಸಿ ನೋಡಿದರೆ ಹೌದು, ಪ್ರತಿಯೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ಮುದ್ದಾದ ಅಕ್ಷರ: ಎಡ ಒಂದು, ಎಡ ಎರಡು. ರಸ್ತೆಗೆ ಎಸೆಯುವುದಕ್ಕೂ ನಂಬರು ಹಾಕಿದ ಮನುಷ್ಯ. ಒಕ್ಕೊಗೆ ಅದನ್ನು ಕಂಡು ಇನ್ನಷ್ಟು ಸಿಟ್ಟು ಬಂತು. ಮೂರು ಮಹಡಿ, ಐದು ಸಲ, ಪ್ರತಿ ಮೆಟ್ಟಿಲಿಗೂ ಲೂಬೆನ್‌ಗೊಂದು ಬೈಗುಳ ಹಾಕಿಕೊಂಡು ಹೊತ್ತ. ಇಮ್ಕೆ ಮುಂದೆ ಮುಂದೆ ಬಾಗಿಲು ಹಿಡಿದಳು.

ಎಡ ಮೂರು, ಎಡ ನಾಲ್ಕು ಜಾಮಿನ ಜೊತೆ ಕೆಳಗೇ ಉಳಿದವು. ಕಪಾಟುಗಳನ್ನು ಗೋಡೆಗೆ ಸರಿಸಿದಾಗ ನಡುವೆ ಹಲ್ಲು ಬಿದ್ದ ಬಾಯಿಯಂತೆ ಸಂದು ಕಂಡಿತು. ಹಳೆಯ ತೂತುಗಳು ಮಾತ್ರ ಕೂದಲೆಳೆ ತಪ್ಪದೆ ಹೊಂದಿದವು.

ಒಕ್ಕೊ ಮೊದಲ ತಿರುಪು ಬಿಗಿದು ತಿರುಗಿದ. ಇಮ್ಕೆಯ ಶೂ ಬಾಗಿಲ ಬಳಿ, ಒಂದರ ಪಕ್ಕ ಒಂದು, ಗೋಡೆಗೆ ಮುಖಮಾಡಿ ಕೂತಿದ್ದವು. ಅವಳು ಸಾಕ್ಸಿನಲ್ಲೇ ಎಡ ಎರಡರ ಮೇಲೆ ಹತ್ತಿ ಕೂತು ಮತ್ತೆ ಫೋನು ತೆಗೆದಿದ್ದಳು.

"ಸಿಂಕಿನ ನಲ್ಲಿ ನೋಡ್ತಿದೀನಿ," ಅಂದಳು. "ಕೇಳು. 'ಎರಡನೇ ವಾರದಿಂದಲೇ ಸೋರುತ್ತಿದೆ.' ಒಂದೇ ಸ್ಟಾರ್."

ಒಕ್ಕೊ ಎರಡನೆಯ ತಿರುಪನ್ನು ಹಲ್ಲಿನ ನಡುವೆ ಕಚ್ಚಿಕೊಂಡ. "ಓದು," ಅಂದ. "ಎಲ್ಲಾ ಓದು."