ತಲೆ ಅಣ್ಣನಿಗೆ, ಕಾಲು ತಮ್ಮನಿಗೆ

ಬೇಸಿಗೆ ಮುಗಿಯುತ್ತ ಬಂದಿತ್ತು. ಮೊದಲ ಮಳೆ ಬೀಳುವುದರೊಳಗೆ ಬಿತ್ತನೆಯ ಕಡಲೆಕಾಯಿ ಸುಲಿದು ಮುಗಿಸಬೇಕೆಂದು ಊರಿನ ಎಲ್ಲ ಜಗಲಿಗಳ ಮೇಲೂ ಹೆಂಗಸರು ಮೊರ ಹಿಡಿದು ಕೂತಿದ್ದರು. ಬಿತ್ತನೆಗೆ ಸುಲಿಯುವುದೆಂದರೆ ಸುಮ್ಮನೆ ಒಡೆಯುವುದಲ್ಲ. ಬೀಜದ ಮೇಲಿನ ಕೆಂಪು ಸಿಪ್ಪೆಗೆ ಉಗುರು ತಾಗಬಾರದು, ಬೇಳೆ ಸೀಳಬಾರದು. ಸೂಜಿಯಕ್ಕ ಹೆಬ್ಬೆರಳಿನಿಂದ ಕಾಯಿಯ ಮೂತಿಯನ್ನು ಒತ್ತಿ, ಬೀಜವನ್ನು ನೋಯದಂತೆ ಮೊರಕ್ಕೆ ಉದುರಿಸುತ್ತಿದ್ದಳು. ಅಂಗಳದ ನಡುವೆ ಹೊಸದಾಗಿ ಎದ್ದಿದ್ದ ಗೋಡೆಯ ಆಚೆಯಿಂದಲೂ ಸುಲಿಯುವ ಸದ್ದು ಕೇಳುತ್ತಿತ್ತು.

"ಪಟಪಟ ಅಂತ ಒಡೀತಾಳೆ ನೋಡು," ಎಂದಳು ಪಕ್ಕದಲ್ಲಿದ್ದ ಮಗಳಿಗೆ. "ಬಿತ್ತೋದಕ್ಕಲ್ಲ, ಹುರಿದು ತಿನ್ನೋದಕ್ಕೆ ಸುಲಿಯೋ ಹಾಗೆ."

"ಮೆಲ್ಲಗೆ ಹೇಳಮ್ಮ. ಕೇಳುತ್ತೆ."

"ಕೇಳಲಿ ಅಂತಾನೇ ಹೇಳಿದ್ದು."

ಗೋಡೆಯಾಚೆ ಇದ್ದವಳು ಮೈದುನನ ಹೆಂಡತಿ. ಸೂಜಿಯಕ್ಕ ಆ ಮನೆಯ ದೊಡ್ಡ ಸೊಸೆಯಾದ್ದರಿಂದ ಈ ಓರಗಿತ್ತಿಯನ್ನು ಎಲ್ಲರೂ ಚಿಕ್ಕವಳು ಎನ್ನುತ್ತಿದ್ದರು. ಸೂಜಿಯಕ್ಕ ಎಂಬ ಹೆಸರು ಬಂದದ್ದು ಹೊಲಿಗೆಯಿಂದಲೋ ನಾಲಿಗೆಯಿಂದಲೋ ಎಂಬುದರ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿದ್ದವು. ಹೊಲಿಗೆಯಿಂದಲೇ ಎಂದು ಅವಳು ನಂಬಿದ್ದಳು.

ಅಣ್ಣತಮ್ಮಂದಿರು ಬೇರೆಯಾದದ್ದು ಕಳೆದ ಸುಗ್ಗಿಯಲ್ಲಿ. ಪಾಲು ಮಾಡಲು ಅವರ ಸೋದರಮಾವ ಬಂದಿದ್ದ. ಹೊಲಕ್ಕೆ ಹಗ್ಗ ಹಿಡಿಸಿದ, ಅಂಗಳಕ್ಕೆ ಗೆರೆ ಎಳೆಸಿದ, ಎತ್ತು ಎರಡಿದ್ದವು, ಒಂದೊಂದು ಎಂದ. ಕಡೆಗೆ ಉಳಿದದ್ದು ತೀರಿಹೋದ ಅತ್ತೆಯ ಹೊಲಿಗೆ ಮಿಷನ್ನು. ಕಾಲಿನಲ್ಲಿ ತುಳಿಯುವ ಮಿಷನ್ನು ಅದು, ಮನೆಗೆಲ್ಲ ಒಂದೇ. ಮಾವ ಅದರ ಸುತ್ತ ಬಂದ, ಬಗ್ಗಿ ಅಡಿಯನ್ನು ನೋಡಿದ, ಮೀಸೆ ಸವರಿದ.

"ಮೇಲಿನದೂ ಕಬ್ಬಿಣ, ಕೆಳಗಿನದೂ ಕಬ್ಬಿಣ. ತೂಕ ಹೆಚ್ಚುಕಮ್ಮಿ ಸಮ," ಎಂದ. "ತಲೆ ಅಣ್ಣನಿಗೆ, ಕಾಲು ತಮ್ಮನಿಗೆ. ಯಾರಿಗೂ ಮೋಸ ಇಲ್ಲ."

ಇಂಥ ನ್ಯಾಯ ಎಲ್ಲೂ ಇಲ್ಲವೆಂಬಂತೆ ಗಂಡಸರು ತಲೆದೂಗಿದರು. ತಕ್ಷಣವೇ ಕೀಲಿನ ಸ್ಕ್ರೂ ಬಿಚ್ಚಿ, ಸೂಜಿ ಇರುವ ತಲೆಯ ಭಾಗವನ್ನು ಈಚೆಗೂ, ಚಕ್ರ ಮತ್ತು ತುಳಿಯುವ ಹಲಗೆ ಇರುವ ಸ್ಟ್ಯಾಂಡನ್ನು ಆಚೆಗೂ ಹೊತ್ತರು. ಮಿಷನ್ನಿನ ಮುಂದೆ ಒಂದು ದಿನವಾದರೂ ಕೂತವರು ಆ ಗಂಡಸರಲ್ಲಿ ಒಬ್ಬರೂ ಇರಲಿಲ್ಲ. "ಸದ್ಯ, ಹಸು ಗಬ್ಬ ಆಗಿರಲಿಲ್ಲ. ಆಗಿದ್ದಿದ್ರೆ ಹೊಟ್ಟೆಯೊಳಗಿನ ಕರುಗೂ ಗೆರೆ ಎಳೀತಿದ್ರು," ಎಂದು ಸೂಜಿಯಕ್ಕ ಆಮೇಲೆ ಎಷ್ಟೋ ಸಲ ಹೇಳಿದಳು. ಆದರೆ ಆ ಹೊತ್ತಿನಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೊಳಗೇ ಹಿಗ್ಗಿದ್ದಳು. ಸೂಜಿ ಇರುವುದು ತಲೆಯಲ್ಲಿ, ದಾರ ಓಡುವುದು ತಲೆಯಲ್ಲಿ. ಕಾಲಿಗೇನು, ಕತ್ತೆಯಾದರೂ ತುಳಿದೀತು ಎಂದುಕೊಂಡಿದ್ದಳು.

ಗಂಡ ಆ ತಲೆಯನ್ನು ಒಂದು ಹಲಗೆಗೆ ಬಿಗಿದುಕೊಟ್ಟ. ಪಕ್ಕದ ಕೈಚಕ್ರಕ್ಕೆ ತೂತು ಕೊರೆದು, ಬೋಲ್ಟ್ ಹಾಕಿ, ಅದಕ್ಕೊಂದು ಖಾಲಿ ದಾರದ ಉರುಳೆ ಸಿಕ್ಕಿಸಿ ಹಿಡಿ ಮಾಡಿದ. ಅಲ್ಲಿಂದ ಶುರುವಾಯಿತು ಅವಳ ಗುಟ್ಟಿನ ಗೋಳು. ಬಲಗೈ ಹಿಡಿ ತಿರುಗಿಸಲಿಕ್ಕೇ ಆಯಿತು. ಬಟ್ಟೆ ನಡೆಸಲು ಎಡಗೈ ಒಂದೇ. ಹೊಲಿಗೆ ಎಡಕ್ಕೆ ಜಾರುತ್ತಿತ್ತು, ಎಳೆದರೆ ಬಲಕ್ಕೆ ಹಾರುತ್ತಿತ್ತು. ಊರಿನವರೆಲ್ಲರ ಹೊಲಿಗೆಗೆ ಮೂಗು ಮುರಿಯುತ್ತಿದ್ದವಳು ಈಗ ಹರಿದ ದಿಂಬಿನ ಚೀಲ, ಮೊಣಕಾಲಿನ ತೇಪೆ ಬಿಟ್ಟು ಬೇರೇನನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಕಣ್ಣು ಸರಿಯಿಲ್ಲ ಎನ್ನುತ್ತಿದ್ದಳು. ಆಚೆ ಬೀದಿಯಲ್ಲಿ ಹೋಗುವವರ ಗುಂಡಿ ಕಿತ್ತಿದ್ದರೆ ಮಾತ್ರ ಅದೇ ಕಣ್ಣಿಗೆ ಕಾಣುತ್ತಿತ್ತು.

ಹೀಗಿರುವಾಗ ಮಗಳಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತು. ಸೋಮವಾರ ಬೆಳಿಗ್ಗೆ ಬಿಳಿ ಸಮವಸ್ತ್ರದಲ್ಲೇ ಹಾಜರಾಗಬೇಕು. ಬಾಗಿಲಲ್ಲಿ ನಿಂತು ಬಟ್ಟೆ ನೋಡುವವಳೊಬ್ಬಳಿದ್ದಾಳೆ, ಕೊರಳಪಟ್ಟಿ ಸೊಟ್ಟಗಿದ್ದರೂ ವಾಪಸು ಕಳಿಸುತ್ತಾಳೆ, ವಾಪಸು ಬಂದವಳ ಸೀಟು ಕಾದು ನಿಂತವಳಿಗೆ ಹೋಗುತ್ತದೆ ಎಂದು ಮಗಳು ಕೇಳಿಕೊಂಡು ಬಂದಿದ್ದಳು. ಪೇಟೆಯ ಟೈಲರ್, ಶಾಲೆಗಳು ತೆರೆಯುವ ಕಾಲ, ಮುಂದಿನ ವಾರದವರೆಗೆ ಕತ್ತೆತ್ತಲೂ ಪುರುಸೊತ್ತಿಲ್ಲ ಎಂದಿದ್ದ. ಅದಕ್ಕೆ ಮೊದಲೇ ಸೂಜಿಯಕ್ಕ ನಲ್ಲಿಯ ಹತ್ತಿರ ಕೊಡ ಇಳಿಸಿ, "ಟೈಲರ್ ಯಾಕೆ? ಅವನು ಹೊಲಿದದ್ದನ್ನ ಬೆದರುಗೊಂಬೆಗೆ ಹಾಕಬೇಕು. ನನ್ನ ಮಗಳಿಗೆ ನಾನೇ ಹೊಲೀತೀನಿ," ಎಂದು ಸಾರಿ ಬಂದಿದ್ದಳು.

ಬೀಜದ ಮೊರ ಬದಿಗಿಟ್ಟು ತಾಯಿ ಮಗಳು ಮಿಷನ್ನಿನ ಮುಂದೆ ಕೂತರು. ಹಿಡಿ ತಿರುಗಿಸುವುದು ಮಗಳ ಕೆಲಸ, ಎರಡೂ ಕೈಯಿಂದ ಬಟ್ಟೆ ನಡೆಸುವುದು ತಾಯಿಯದು. ಹಳೆಯ ಬಟ್ಟೆಯ ಮೇಲೆ ನೋಡೋಣವೆಂದು ಶುರುಮಾಡಿದರು. ಮಗಳು ಒಮ್ಮೆ ಜೋರಾಗಿ ತಿರುಗಿಸಿದಳು, ಒಮ್ಮೆ ನಿಂತೇ ಬಿಟ್ಟಳು, ಮತ್ತೊಮ್ಮೆ ಹಿಂದಕ್ಕೆ ತಿರುಗಿಸಿದಳು. ದಾರ ಬಾಬಿನ್ನಿನ ಬಾಯಲ್ಲಿ ಗಂಟಾಗಿ ಸೂಜಿ ಸಿಕ್ಕಿಕೊಂಡಿತು.

"ಬಾವಿಯಿಂದ ನೀರು ಸೇದ್ತಿದ್ದೀಯಾ? ಮುಂದಕ್ಕೆ ತಿರುಗಿಸು ಅಂದ್ರೆ ಹಿಂದಕ್ಕೆ ತಿರುಗಿಸ್ತೀಯಲ್ಲ. ನಾಳೆ ರೋಗಿಗೆ ಸೂಜಿ ಯಾವ ಕಡೆಯಿಂದ ಚುಚ್ತೀಯೋ."

"ಚಿಕ್ಕಮ್ಮನ ಮನೆಯಲ್ಲಿ ಸ್ಟ್ಯಾಂಡ್ ಇದೆಯಲ್ಲಮ್ಮ."

"ಇದೆ. ತಲೆ ಇಲ್ಲದ್ದು. ಇಟ್ಕೊಂಡೋಳ ಹಾಗೇ."

ಮಗಳು ಮಡಿಲಲ್ಲಿ ಮಡಚಿಟ್ಟಿದ್ದ ಬಿಳಿಯ ಬಟ್ಟೆಯ ಮೇಲೆ ಕೈ ಆಡಿಸುತ್ತ ಕೂತಳು. ಕಣ್ಣಂಚು ಒದ್ದೆಯಾಗಿತ್ತು. ಬಿಳಿಯ ಬಟ್ಟೆಗೆ ಕತ್ತರಿ ಹಾಕಿ ಕೆಡಿಸಿದರೆ ಮತ್ತೆ ತರುವಷ್ಟು ಹೊತ್ತೂ ಇರಲಿಲ್ಲ. ಸೂಜಿಯಕ್ಕ ಆ ಬಟ್ಟೆಯನ್ನೂ ಮಗಳ ಮುಖವನ್ನೂ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

ಚಿಕ್ಕವಳ ನಡುಮನೆಯಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಹಲಗೆ ಹಾಸಿತ್ತು, ಅದರ ಮೇಲೆ ಕಡಲೆಕಾಯಿಯ ಮೊರ. ತುಳಿಯುವ ಹಲಗೆಯಿಂದ ಒಂದು ಹಗ್ಗ ಹೋಗಿ ತೊಟ್ಟಿಲಿಗೆ ಸೇರಿತ್ತು. ಚಿಕ್ಕವಳು ಬೀಜ ಸುಲಿಯುತ್ತಲೇ ಒಂದು ಪಾದದಿಂದ ತುಳಿಯುತ್ತಿದ್ದಳು; ಚಕ್ರ ಖಾಲಿ ತಿರುಗುತ್ತಿತ್ತು, ತೊಟ್ಟಿಲು ತೂಗುತ್ತಿತ್ತು. ಮೊರದಲ್ಲಿದ್ದ ಬೀಜಗಳಲ್ಲಿ ಸೀಳಿದ್ದು ಒಂದೂ ಕಾಣಲಿಲ್ಲ. ಸೂಜಿಯಕ್ಕ ಅದನ್ನು ನೋಡಿಯೂ ನೋಡದವಳಂತೆ ಮುಖ ತಿರುಗಿಸಿದಳು.

"ಭೇಷ್. ಅತ್ತೆ ಇದ್ದಿದ್ರೆ ನೋಡಿ ಸಂತೋಷಪಡ್ತಿದ್ರು," ಎಂದಳು.

"ಕೂತ್ಕೊಳ್ಳಿ ಅಕ್ಕ. ಗೋಡೆ ಎದ್ದ ಮೇಲೆ ಈಗ್ಲೇ ಬರ್ತಿರೋದು."

"ಕೂರೋಕೆ ಬಂದಿಲ್ಲ. ಈ ಸ್ಟ್ಯಾಂಡ್ ಸೋಮವಾರದವರೆಗೆ ನಂಗೆ ಬೇಕು. ಮಗು ಕೈಯಲ್ಲಿ ತೂಗಿದ್ರೂ ಮಲಗುತ್ತೆ. ನಾವೆಲ್ಲ ಹಾಗೇ ಬೆಳೆಸಿದ್ದು."

"ಇದು ಮಲಗಲ್ಲ ಅಕ್ಕ. ಚಕ್ರದ ಸದ್ದು ಬೇಕು ಇದಕ್ಕೆ. ನಿಮ್ಮ ತಲೆನೇ ಇಲ್ಲಿಗೆ ತನ್ನಿ."

"ಏನಂದೆ?"

"ಮಿಷನ್ನಿಂದು," ಎಂದಳು ಚಿಕ್ಕವಳು, ನಗದೆ. "ಇಲ್ಲೇ ಕೂರಿಸಿ ಹೊಲೀರಿ. ಆದ್ರೆ ತುಳಿಯೋಳು ನಾನು."

"ಯಾಕೆ, ನಂಗೆ ಕಾಲಿಲ್ವಾ?"

"ಇದೆ. ನಿಮ್ಮ ಕಾಲು ಜಗಳ ಆಡುತ್ತೆ. ಹಿಂದೆ ನೀವು ಹೊಲಿಯೋಕೆ ಕೂತ್ರೆ ಮನೆಯಲ್ಲಿ ಯಾರಿಗಾದ್ರೂ ನಿದ್ದೆ ಬರ್ತಿತ್ತಾ?"

ಸೂಜಿಯಕ್ಕನಿಗೆ ಮೈಯೆಲ್ಲ ಉರಿಯಿತು. ಹೊರಟುಬಿಡಬೇಕೆಂದು ತಿರುಗಿದಳು. ಬಾಗಿಲಲ್ಲಿ ಬಟ್ಟೆಯ ಗಂಟು ಅಪ್ಪಿಕೊಂಡು ಮಗಳು ನಿಂತಿದ್ದಳು.

"ಸರಿ. ಏನು ಕೊಡಬೇಕು ಹೇಳಿಬಿಡು. ಪುಕ್ಕಟೆ ಮಾಡಿಸಿಕೊಂಡಳು ಅಂತ ಆಮೇಲೆ ಹಾಡಬೇಡ."

ಚಿಕ್ಕವಳು ಕಾಲು ನಿಲ್ಲಿಸದೆ ಇನ್ನೊಂದು ಕಾಯಿ ಸುಲಿದಳು.

"ಏನೂ ಬೇಡ. ನಲ್ಲಿಯ ಹತ್ತಿರ ತೋಳಿನ ಕಥೆ ಹೇಳ್ತೀರಲ್ಲ, ಅದೇ ಜನರ ಮುಂದೆ ಒಂದು ಮಾತು ಹೇಳಿ. ಇದನ್ನ ನಾವಿಬ್ಬರೂ ಹೊಲಿದ್ವಿ ಅಂತ. ಅಷ್ಟೇ."

ತೋಳಿನ ಕಥೆ ಇಡೀ ಊರಿಗೆ ಗೊತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಚಿಕ್ಕವಳು ಗಂಡನ ಅಪ್ಪನಿಗೊಂದು ಅಂಗಿ ಹೊಲಿದು, ಒಂದು ತೋಳಿನ ಬಾಯನ್ನು ಸೇರಿಸಿ ಹೊಲಿದುಬಿಟ್ಟಿದ್ದಳು. ಮುದುಕರು ಕೈ ತೂರಿಸಿ ಹೊರದಾರಿ ಹುಡುಕಿದ ರೀತಿಯನ್ನು ಸೂಜಿಯಕ್ಕ ಅಭಿನಯಿಸಿ ತೋರಿಸದ ವರ್ಷವಿರಲಿಲ್ಲ.

"ಹೇಳ್ತೀನಿ," ಎಂದಳು ಸೂಜಿಯಕ್ಕ. "ಅದೇನು ದೊಡ್ಡ ಮಾತು."

ಅವಳ ಗಂಡ ತಲೆಯನ್ನು ಹೊತ್ತು ತಂದು ಕೂರಿಸಿದ. ಚಿಕ್ಕವಳು ಗೂಟದಲ್ಲಿ ತೂಗುಹಾಕಿದ್ದ ಚರ್ಮದ ಬೆಲ್ಟನ್ನು ತೆಗೆದು ಕೆಳಗಿನ ಚಕ್ರಕ್ಕೂ ಮೇಲಿನ ಚಕ್ರಕ್ಕೂ ಹಾಕಿದಳು. ಒಂದೇ ಬೆಂಚಿನ ಮೇಲೆ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂರಬೇಕಾಯಿತು. ಒಬ್ಬಳ ಕೈ ಮೇಲೆ, ಇನ್ನೊಬ್ಬಳ ಕಾಲು ಕೆಳಗೆ.

"ತುಳಿ," ಎಂದಳು ಸೂಜಿಯಕ್ಕ. "ಓಡಬೇಡ. ಮೆಲ್ಲಗೆ. ಮೂಲೆ ಬಂತು, ನಿಲ್ಲಿಸು. ನಿಲ್ಲಿಸು ಅಂದ್ರೆ ನಿಲ್ಲಿಸಬೇಕು, ಯೋಚನೆ ಮಾಡ್ತಾ ಕೂರಬಾರದು."

"ನೀವು ಹೇಳೋ ಮುಂಚೆ ನಿಲ್ಲಿಸಿದೀನಿ ಅಕ್ಕ. ಸೂಜಿ ಎಲ್ಲಿದೆ ನೋಡಿ."

ಸೂಜಿ ಮೂಲೆಯಲ್ಲೇ ಬಟ್ಟೆಯೊಳಗೆ ಇಳಿದು ನಿಂತಿತ್ತು. ಸೂಜಿಯಕ್ಕ ಬಟ್ಟೆಯನ್ನು ಒತ್ತಿಹಿಡಿಯುವ ಮಿಷನ್ನಿನ ಪಾದ ಎತ್ತಿ ಬಟ್ಟೆ ತಿರುಗಿಸಿ ಮತ್ತೆ ಪಾದ ಇಳಿಸಿದಳು. ಪಕ್ಕದ ಹೊಲಿಗೆ ಮುಗಿದು ತೋಳಿಗೆ ಬರುವಷ್ಟರಲ್ಲಿ ಅವಳಿಗೆ ಹೇಳುವ ಕೆಲಸವೇ ಇಲ್ಲದಂತಾಯಿತು. ತಿರುವಿನಲ್ಲಿ ಅವಳ ಹೆಗಲು ಒಂದಿಷ್ಟು ವಾಲಿದರೆ ಕೆಳಗೆ ಕಾಲು ತಾನಾಗಿ ನಿಧಾನವಾಗುತ್ತಿತ್ತು. ನೇರ ಬಂದರೆ ಒಂದೇ ಸಮನೆ ಓಡುತ್ತಿತ್ತು. ಇಷ್ಟು ತಿಂಗಳು ಸೂಜಿಯಿಲ್ಲದೆ, ದಾರವಿಲ್ಲದೆ, ಮಗುವಿಗಾಗಿ ತುಳಿದ ಕಾಲು ಅದು. ಎರಡೂ ಕೈಗೆ ಬಟ್ಟೆ ಸಿಕ್ಕು, ಎಷ್ಟೋ ದಿನಗಳ ಮೇಲೆ ಅವಳ ಹೊಲಿಗೆ ಗೆರೆ ಎಳೆದಂತೆ ಬಂತು. ಅತ್ತೆಯ ಕಾಲದಲ್ಲಿ ತಾನೇ ತುಳಿದು ಹೊಲಿದಾಗಲೂ ಇಷ್ಟು ಸಮನಾಗಿ ಬಂದಿರಲಿಲ್ಲವೆಂಬುದು ಅವಳ ಕಣ್ಣಿಗೇ ಕಂಡಿತು. ಆ ಕಾಣ್ಕೆಯನ್ನು ಅವಳು ಹಲ್ಲು ಕಚ್ಚಿ ನುಂಗಿದಳು.

"ನನ್ನ ಕೈ ಏನು ಹಾಗೆ ನೋಡ್ತೀಯ? ನಿನ್ನ ಕೆಲಸ ಕೆಳಗಿದೆ."

"ನೋಡಿದ್ರೆ ಸವೆಯುತ್ತಾ?" ಎಂದಳು ಚಿಕ್ಕವಳು. ನೋಡುವುದನ್ನು ಬಿಡಲಿಲ್ಲ. ಮಗು ಏಳಲಿಲ್ಲ.

ಭಾನುವಾರ ಸಂಜೆಯ ಹೊತ್ತಿಗೆ ಸಮವಸ್ತ್ರ ಇಸ್ತ್ರಿಯಾಗಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮರುದಿನ ಬೆಳಿಗ್ಗೆ ಅದನ್ನು ತೊಟ್ಟು ಮಗಳು ಬಸ್ಸಿಗೆ ನಿಂತಳು. ನಲ್ಲಿ ಇರುವುದೂ ಅಲ್ಲೇ, ಬಸ್ಸು ನಿಲ್ಲುವುದೂ ಅಲ್ಲೇ. ಕೊಡಗಳನ್ನು ಸಾಲಿಗೆ ಬಿಟ್ಟು ಹೆಂಗಸರೆಲ್ಲ ಸುತ್ತುವರಿದರು. ಚಿಕ್ಕವಳೂ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದು ಒಂದು ಬದಿಗೆ ನಿಂತಿದ್ದಳು. ಗುಂಪಿನಲ್ಲಿದ್ದ ಊರಿನ ಅಂಗಡಿಯವಳು ಕೊರಳಪಟ್ಟಿ ಮುಟ್ಟಿ ನೋಡಿದಳು, ಬಗ್ಗಿ ಅಂಚನ್ನು ಮಗುಚಿ ಒಳಬದಿಯನ್ನೂ ನೋಡಿದಳು.

"ಒಳಗೂ ಹೊರಗೂ ಒಂದೇ ಥರ ಇದೆಯಲ್ಲೇ. ಟೈಲರ್ ಇರಬೇಕು, ಸುಳ್ಳು ಹೇಳ್ಬೇಡ. ಯಾರ ಹೊಲಿಗೆ?"

ಎಲ್ಲರೂ ಸೂಜಿಯಕ್ಕನ ಮುಖ ನೋಡಿದರು. ಚಿಕ್ಕವಳೂ ನೋಡಿದಳು. ಮಾತು ಗಂಟಲವರೆಗೆ ಬಂದಿತ್ತು. ಹೇಳಿಬಿಟ್ಟರೆ ಈ ಅಂಗಡಿಯವಳು, "ಹೌದಾ, ತೋಳು ಮುಚ್ಚಿದೋಳಾ?" ಎನ್ನುತ್ತಾಳೆ, ಎಲ್ಲರೂ ನಗುತ್ತಾರೆ, ಆ ನಗು ಯಾರ ಮೇಲೆ ಬೀಳುತ್ತದೆ ಎಂದು ಹೇಳಲಾಗದು.

"ಇನ್ಯಾರದು," ಎಂದಳು ಸೂಜಿಯಕ್ಕ. "ಕೈ ನಂದೇ."

"ಚಿಕ್ಕಮ್ಮನೂ..." ಎಂದು ಮಗಳು ಬಾಯಿ ತೆರೆದಳು.

"ಬಸ್ಸು ಬಂತು, ಹತ್ತು. ಜಾಗ ಸಿಗಲ್ಲ," ಎಂದು ತಾಯಿ ಚೀಲವನ್ನು ಅವಳ ಎದೆಗೆ ಒತ್ತಿದಳು.

ಬಸ್ಸು ಧೂಳೆಬ್ಬಿಸಿ ಹೋಯಿತು. ಚಿಕ್ಕವಳು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ ಮನೆಯ ಕಡೆ ನಡೆದಳು.

ಸಂಜೆ ಸೂಜಿಯಕ್ಕ ಗಂಡನನ್ನು ಮಿಷನ್ನಿನ ತಲೆ ಬಿಚ್ಚಿ ತರಲು ಕಳಿಸಿದಳು. ಹೋದಷ್ಟೇ ಬೇಗ ಅವನು ಬರಿಗೈಯಲ್ಲಿ ಬಂದ.

"ಕೊಡಲ್ವಂತೆ."

"ಕೊಡಲ್ಲ ಅಂದ್ರೆ? ಅದು ನಮ್ಮ ಪಾಲಿಗೆ ಬಂದದ್ದು."

"ನಾನೂ ಅದನ್ನೇ ಅಂದೆ. 'ನಿಮ್ಮದೇ ಭಾವ, ಇಲ್ಲ ಅಂದೋರು ಯಾರು? ಅಕ್ಕ ನಂಗೊಂದು ಮಾತು ಕೊಡೋದಿದೆ, ಅದನ್ನ ನಲ್ಲಿಯ ಹತ್ತಿರ ಕೊಟ್ಟ ದಿನ ಇದನ್ನ ಬಿಚ್ಚಿಕೊಂಡು ಹೋಗಿ' ಅಂದ್ಲು. ಅದೇನೇ ಮಾತು?"

"ಏನಿಲ್ಲ."

"ಮಾತು ತಾನೇ, ಕೊಟ್ಟು ಬಿಸಾಕು. ದುಡ್ಡಾ ಕಾಸಾ?"

"ದುಡ್ಡಾಗಿದ್ರೆ ಬಿಸಾಕ್ತಿದ್ದೆ. ನಿಮಗೆ ಎಲ್ಲಾನೂ ಕಬ್ಬಿಣದ ಹಾಗೇ ಕಾಣುತ್ತೆ, ನಿಮ್ಮ ಸೋದರಮಾವನ ಥರ."

ಆಚೆಯಿಂದ ಮಿಷನ್ನಿನ ಸದ್ದು ಶುರುವಾಯಿತು. ಖಾಲಿ ಚಕ್ರದ ಸದ್ದಲ್ಲ. ಸೂಜಿ ಬಟ್ಟೆಯನ್ನು ಕಚ್ಚಿ ಹೋಗುವ ಸದ್ದು. ಸೂಜಿಯಕ್ಕ ಬೀಜ ಸುಲಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ಓಡ್ತಾಳೆ, ಓಡ್ತಾಳೆ. ಮೂಲೆಯಲ್ಲಿ ನಿಲ್ಲೋದು ಗೊತ್ತಿಲ್ಲ. ಈಗ ದಾರ ಕಡಿಯುತ್ತೆ ನೋಡಿ."

ಸದ್ದು ನಿಂತಿತು. ಪಾದ ಎತ್ತಿ ಬಟ್ಟೆ ತಿರುಗಿಸುವಷ್ಟು ಹೊತ್ತು ಮೌನ. ಮತ್ತೆ ಅದೇ ಹದದಲ್ಲಿ ಶುರುವಾಯಿತು.

"ನಿಂತ್ಲಲ್ಲ," ಎಂದ ಗಂಡ.

"ಮಗು ಎದ್ದಿರಬೇಕು," ಎಂದಳು ಸೂಜಿಯಕ್ಕ. ಅಳುವ ಸದ್ದೇನೂ ಬಂದಿರಲಿಲ್ಲ.

ಮರುದಿನದಿಂದ ಅವಳು ನಲ್ಲಿಗೆ ಹೋಗುವುದನ್ನು ಬಿಟ್ಟಳು. ಕೊಡ ಹೊತ್ತು ಹೊಲಗಳ ಆಚೆಯ ಬಾವಿಗೆ ನಡೆದು ಬರುತ್ತಿದ್ದಳು. ನಲ್ಲಿಯ ನೀರು ಮೈಗೆ ಒಗ್ಗುತ್ತಿಲ್ಲವೆಂದು ದಾರಿಯಲ್ಲಿ ಸಿಕ್ಕವರಿಗೆಲ್ಲ, ಅವರು ಕೇಳುವ ಮೊದಲೇ ಹೇಳುತ್ತಿದ್ದಳು.