ಸಿರಿಂಜಿನ ಹಾಲು

ಹದಿನಾಲ್ಕನೇ ಅಂತಸ್ತಿಗೆ ಕಬ್ಬಿಣದ ಸರಳಿನ ಕಟ್ಟನ್ನು ಎತ್ತುತ್ತಿದ್ದಾಗ ಅವಳ ಮೇಲ್ದುಟಿ ತುರಿಸತೊಡಗಿತು.

ಅವಳು ಟವರ್ ಕ್ರೇನ್ ನಡೆಸುವವಳು. ನೆಲದಿಂದ ಐವತ್ತು ಮೀಟರ್ ಮೇಲೆ, ಗಾಜಿನ ಪುಟ್ಟ ಕ್ಯಾಬಿನ್ನಿನಲ್ಲಿ ಒಬ್ಬಳೇ ಕೂತು ದಿನಕ್ಕೆ ಎಂಟು ಗಂಟೆ ಕೆಲಸ. ಕಣ್ಣು ಅಷ್ಟು ಚುರುಕಾದ್ದರಿಂದ ಕೆಳಗಿನವರೆಲ್ಲ ಅವಳನ್ನು ಹದ್ದಕ್ಕ ಎಂದೇ ಕರೆಯುತ್ತಿದ್ದರು. ಅರ್ಧ ಗಂಟೆಯ ಹಿಂದಷ್ಟೇ ಮಾವ ಫ್ಲಾಸ್ಕಿನಲ್ಲಿ ತುಂಬಿಕೊಟ್ಟಿದ್ದ ಕುಂಬಳಕಾಯಿ ಸೂಪು ಕುಡಿದಿದ್ದಳು.

ತುರಿಕೆ ನಾಲಗೆಗೆ ಇಳಿಯಿತು. ಗಂಟಲಿನ ಮೇಲೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಯಿತು. ಇದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಟ್ಟಿದಾಗಿನಿಂದ ಕುಡಿದುಕೊಂಡು ಬಂದ ಹಾಲು, ಮೂವತ್ತೇಳನೆಯ ವಯಸ್ಸಿನಲ್ಲಿ ಹೇಳದೆ ಕೇಳದೆ ಅವಳ ಮೈಗೆ ಹಗೆಯಾಗಿತ್ತು. ಮೊದಲು ನೋಡಿದ ಡಾಕ್ಟರು ‘ಗ್ಯಾಸು’ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಮೂರನೆಯ ಸಲ ಮುಖ ಊದಿ ಆಸ್ಪತ್ರೆ ಸೇರಿದಾಗಲೇ ಅದು ಹಾಲಿನ ಅಲರ್ಜಿ ಎಂದು ಗೊತ್ತಾದದ್ದು. ತೊಡೆಗೆ ಚುಚ್ಚಿಕೊಳ್ಳುವ ಪೆನ್ನಿನಂಥ ಇಂಜೆಕ್ಷನ್ ಕೊಟ್ಟು, ಇದು ಸದಾ ಜೇಬಿನಲ್ಲಿರಲಿ ಎಂದಿದ್ದರು.

ಅವಳು ಎರಡೂ ಲಿವರ್ ಬಿಟ್ಟಳು. ಕೈಬಿಟ್ಟರೆ ಬ್ರೇಕು ತಾನಾಗಿ ಹಿಡಿಯುತ್ತದೆ. ಸರಳಿನ ಕಟ್ಟು ಗಾಳಿಯಲ್ಲಿ ಹಾಗೇ ನಿಂತಿತು. ಪ್ಯಾಂಟಿನ ಮೇಲಿಂದಲೇ ತೊಡೆಗೆ ಇಂಜೆಕ್ಷನ್ ಒತ್ತಿ, ಹತ್ತರವರೆಗೆ ಎಣಿಸಿ, ರೇಡಿಯೊ ತೆಗೆದುಕೊಂಡಳು.

"ಅಣ್ಣಾ, ಕೆಳಗೆ ಜನ ಸರಿಸು. ಹೊರೆ ಇಳಿಸ್ತಿದೀನಿ. ಆಮೇಲೆ ನನ್ನ ಇಳಿಸೋಕೆ ಜನ ಕಳಿಸು."

ಕೆಳಗೆ ನಿಂತು ಸನ್ನೆ ಕೊಡುವ ಸಿಗ್ನಲ್‌ನವನು ಗಾಬರಿಯಾದ. "ಏನಾಯ್ತು ಹದ್ದಕ್ಕ?"

"ಹಾಲು."

"ಹಾಳಾಯ್ತಾ? ಕ್ರೇನಾ?"

"ಹಾಳಲ್ಲ ಮಾರಾಯ, ಹಾಲು! ಕುಡಿಯೋ ಹಾಲು! ಆಂಬುಲೆನ್ಸ್ ಕರಿ."

ಹೊರೆ ನೆಲ ಮುಟ್ಟುವವರೆಗೂ ಅವಳು ಲಿವರ್ ಬಿಡಲಿಲ್ಲ. ಆಮೇಲೆ ನಾಲ್ವರು ಹತ್ತಿ ಬಂದು, ಸ್ಟ್ರೆಚರಿಗೆ ಬಿಗಿದು, ಹಗ್ಗದಲ್ಲಿ ಇಳಿಸಿದ್ದು ಅವಳಿಗೆ ಅರ್ಧಂಬರ್ಧ ನೆನಪು.

ಸಂಜೆ ಆಸ್ಪತ್ರೆಯ ಮಂಚದ ಪಕ್ಕ ಮಾವ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ಕೂತಿದ್ದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಲವತ್ತು ವರ್ಷ ಅಡುಗೆ ಮಾಡಿ ನಿವೃತ್ತರಾದವರು. ಗಂಡ ಲಾರಿಯೊಂದಿಗೆ ವಾರಗಟ್ಟಲೆ ಊರೂರು ಸುತ್ತುವುದರಿಂದ ಮನೆಯ ಒಲೆ ಅವರದೇ.

"ಒಂದೇ ಒಂದು ಚಮಚ ಕೆನೆ ಕಣಮ್ಮ," ಎಂದರು. "ಸೂಪು ಸಪ್ಪೆ ಅನ್ನಿಸ್ತು. ಹಾಲು ಕುಡಿದ ಮಕ್ಕಳೇ ಬದುಕಲ್ಲ ಅಂತಾರಲ್ಲ, ಬರೀ ಗಾದೆ ಅಂದ್ಕೊಂಡಿದ್ದೆ."

ನಗು ಬಂದರೂ ಅವಳು ನಗಲಿಲ್ಲ. "ಕೆನೆ ಹಾಕಿದ್ದಕ್ಕಲ್ಲ ಮಾವ ನನಗೆ ಬೇಜಾರು. ಎರಡು ವರ್ಷದಿಂದ ಹೇಳ್ತಾನೇ ಇದೀನಿ, ನೀವು ನಂಬಲಿಲ್ಲ."



ಒಂದು ವಾರ ಬಿಟ್ಟು ಕೆಲಸಕ್ಕೆ ಹೋದರೆ ಸುರಕ್ಷತಾ ಅಧಿಕಾರಿ ಬಾಗಿಲಲ್ಲೇ ತಡೆದ. "ಮೇಲೆ ಹತ್ತೋದು ಬೇಡಮ್ಮ. ನಿನ್ನ ತಲೆ ತಿರುಗಿದ್ರೆ ಕೆಳಗಿರೋರ ತಲೆ ಉಳಿಯಲ್ಲ." ಅವನ ಮಾತಿನಲ್ಲಿ ತಪ್ಪಿರಲಿಲ್ಲ; ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು. ಅವಳನ್ನು ಸ್ಟೋರಿಗೆ ಹಾಕಿದರು. ಹೆಲ್ಮೆಟ್ಟು, ಕೈಗವಸು ಕೊಡುವುದು, ವಾಪಸು ತೆಗೆದುಕೊಳ್ಳುವುದು. ಕಿಟಕಿಯಿಂದ ನೋಡಿದರೆ ಕ್ರೇನಿನ ಬುಡ ಮಾತ್ರ ಕಾಣುತ್ತಿತ್ತು.

ತಿಂಗಳು ಕಳೆಯುವುದರೊಳಗೆ ಅವಳು ಅಲರ್ಜಿ ನೋಡುವ ಡಾಕ್ಟರಮ್ಮನನ್ನು ಹುಡುಕಿಕೊಂಡಿದ್ದಳು. ರೈಲಿನಲ್ಲಿ ಎರಡು ಗಂಟೆಯ ದಾರಿ.

"ಹಾಲನ್ನೇ ಔಷಧಿ ಥರ ಕೊಡ್ತಾ ಹೋಗೋದು," ಎಂದರು ಡಾಕ್ಟರಮ್ಮ. "ನೀರಲ್ಲಿ ಕಲಸಿದ ಒಂದು ಹನಿಯಿಂದ ಶುರು. ಎರಡು ವಾರಕ್ಕೊಮ್ಮೆ ಇಲ್ಲಿ ನನ್ನ ಕಣ್ಣೆದುರು ಏರಿಸೋದು, ಮಿಕ್ಕ ದಿನ ಮನೇಲಿ ಅಷ್ಟೇ ಅಳತೆ. ಲೋಟ ಎತ್ತಿ ಕುಡಿಯೋದು ಗುರಿ ಅಲ್ಲ. ಯಾರೋ ತಪ್ಪಿ ಹಾಕಿದ ಒಂದು ಚಮಚಕ್ಕೆ ನಿಮ್ಮ ಜೀವ ಹೋಗಬಾರದು, ಅಷ್ಟೆ. ದೊಡ್ಡೋರಲ್ಲಿ ಎಲ್ಲರಿಗೂ ಒಗ್ಗಲ್ಲ. ಮೈ ತಿರುಗಿಬಿದ್ರೆ ನಿಲ್ಲಿಸಬೇಕಾಗುತ್ತೆ."

"ತಿರುಗಿಬಿದ್ದಾಗ ನೋಡ್ಕೊಳ್ಳೋಣ. ಶುರು ಮಾಡಿ ಡಾಕ್ಟ್ರೇ."

ಮೊದಲ ಹನಿಗೇ ನಾಲಗೆ ಚುರುಗುಟ್ಟಿತು. ಅವಳು ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದು ಗಡಿಯಾರ ನೋಡುತ್ತಾ ಕೂತಳು. ಎರಡು ಗಂಟೆ ಕಳೆಯಿತು, ಬೇರೇನೂ ಆಗಲಿಲ್ಲ.

ಮನೆಯಲ್ಲಿ ಅಳತೆಯ ಕೆಲಸ ಮಾವನೇ ಕೇಳಿ ಪಡೆದರು. ಆರುನೂರು ಜನಕ್ಕೆ ಕಣ್ಣಳತೆಯಲ್ಲೇ ಉಪ್ಪು ಹಾಕಿದ ಮನುಷ್ಯ, ಸಂಜೆ ಊಟವಾದ ಮೇಲೆ ಕನ್ನಡಕ ಏರಿಸಿ, ಸೂಜಿಯಿಲ್ಲದ ಸಿರಿಂಜನ್ನು ಬೆಳಕಿಗೆ ಹಿಡಿದು ಅರ್ಧ ಮಿಲಿ ಹಾಲು ಎಳೆಯುತ್ತಿದ್ದರು. ಅವಳ ಪಾತ್ರೆ, ಸೌಟು ಬೇರೆ ಮಾಡಿ ಹಿಡಿಗೆ ಕೆಂಪು ದಾರ ಸುತ್ತಿದರು. ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ಪೊಟ್ಟಣಗಳ ಸಣ್ಣ ಅಕ್ಷರ ಓದುತ್ತಾ ನಿಲ್ಲುವುದು ಅಭ್ಯಾಸವಾಯಿತು. "ಬ್ರೆಡ್ಡಿಗೂ ಹಾಲಿನ ಪುಡಿ ಬೆರೆಸಿದ್ದಾರಲ್ಲಮ್ಮ, ಕಳ್ಳರು!" ಎಂದು ಮನೆಗೆ ಬಂದು ಬೈಯುತ್ತಿದ್ದರು. ಹಾಲು ಕುಡಿದ ಮೇಲೆ ಎರಡು ಗಂಟೆ ಅವಳು ಓಡಾಡುವಂತಿಲ್ಲ, ಬಿಸಿನೀರು ಸ್ನಾನ ಮಾಡುವಂತಿಲ್ಲ. ಅಷ್ಟೂ ಹೊತ್ತು ಅವರು ಎದುರಿಗೆ ಕೂತು ಅವಳ ತುಟಿಯನ್ನೇ ನೋಡುತ್ತಿದ್ದರು.

"ನಾನೇನು ಉಕ್ಕೋ ಹಾಲಾ ಮಾವ, ಹೀಗೆ ಕಾಯ್ತಾ ಕೂರೋಕೆ?"

"ನೀನು ಸುಮ್ನಿರು."

ಐದನೆಯ ತಿಂಗಳು, ಅಳತೆ ನಾಲ್ಕು ಮಿಲಿಗೆ ಏರಿದ್ದಾಗ, ಅವಳಿಗೆ ನೆಗಡಿ ಜ್ವರ ಬಂತು. ಮೈ ಸರಿಯಿಲ್ಲದಿದ್ದರೆ ಫೋನ್ ಮಾಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ಒಂದು ದಿನ ತಪ್ಪಿದರೆ ಒಂದು ದಿನ ಹಿಂದೆ ಬೀಳುತ್ತೇನೆಂದು ಅವಳು ಜ್ವರ ಮುಚ್ಚಿಟ್ಟು ಕುಡಿದಳು. ಕಾಲು ಗಂಟೆಯಲ್ಲಿ ಮೈಯೆಲ್ಲ ದದ್ದು, ಎದೆಯಲ್ಲಿ ಸೀಟಿ. ಇಂಜೆಕ್ಷನ್ ಚುಚ್ಚಿದ್ದು ಮಾವ. ಆಂಬುಲೆನ್ಸ್ ಕರೆದದ್ದೂ ಅವರೇ.

ಡಾಕ್ಟರಮ್ಮ ಚೆನ್ನಾಗಿ ಬೈದರು. ನೆಗಡಿ ಪೂರ್ತಿ ಇಳಿಯುವವರೆಗೆ ನಿಲ್ಲಿಸಿ, ಆಮೇಲೆ ಆಸ್ಪತ್ರೆಯಲ್ಲೇ ಎರಡು ಮಿಲಿಯಿಂದ ಮತ್ತೆ ಶುರು ಎಂದರು.

"ಬಿಟ್ಬಿಡಮ್ಮ," ಎಂದರು ಮಾವ ರೈಲಿನಲ್ಲಿ. "ಸ್ಟೋರಿನ ಕೆಲಸವೇನು ಕೆಲಸ ಅಲ್ವಾ?"

"ಕೈ ಸುಟ್ಕೊಂಡ ದಿನ ನೀವು ಒಲೆ ಬಿಟ್ರಾ?"

ಮಾವ ಯೋಚಿಸಿದರು. "ಒಂದು ವಾರ ಬಿಟ್ಟಿದ್ದೆ."

"ನಾನೂ ಒಂದು ವಾರ ಬಿಡ್ತೀನಿ."

ಮುಂದೆ ಅವಳು ಮೈಯ ತೊಂದರೆ ಏನನ್ನೂ ಮುಚ್ಚಿಡಲಿಲ್ಲ. ಒಂದು ಸೀನು ಬಂದರೂ ಫೋನ್ ಮಾಡಿ ಹೇಳುತ್ತಿದ್ದಳು. ಹನ್ನೊಂದನೆಯ ತಿಂಗಳು ಪರೀಕ್ಷೆಯ ದಿನ ಬಂತು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ, ಸ್ವಲ್ಪ ಸ್ವಲ್ಪವಾಗಿ ಮೂವತ್ತು ಮಿಲಿ. ಮೂರನೆಯ ಗುಟುಕಿಗೆ ಕಿವಿ ಕಾದು ಕೆಂಪಾಯಿತು. ನರ್ಸು ಡಾಕ್ಟರಮ್ಮನ ಮುಖ ನೋಡಿದಳು. ಡಾಕ್ಟರಮ್ಮ ಅರ್ಧ ಗಂಟೆ ಕಾಯೋಣ ಎಂದರು. ಕೆಂಪು ತಾನೇ ಇಳಿಯಿತು. ಕೊನೆಯ ಗುಟುಕು ಒಳಗೆ ಹೋಗಿ ಎರಡು ಗಂಟೆಯಾದರೂ ಉಸಿರು ಸಲೀಸಾಗಿತ್ತು. ವರಾಂಡದಲ್ಲಿ ಕೂತಿದ್ದ ಮಾವ ಸುದ್ದಿ ಕೇಳಿ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಸುರಕ್ಷತಾ ಅಧಿಕಾರಿ ಡಾಕ್ಟರಮ್ಮನ ಪತ್ರವನ್ನು ಎರಡು ಸಲ ಓದಿದ. "ಅಂದ್ರೆ ವಾಸಿ ಆಯ್ತು?"

"ಇಲ್ಲ. ದಿನಾ ಕುಡಿಯುತ್ತಿರಬೇಕು, ಬಿಟ್ರೆ ಮೊದಲಿನ ಥರ. ಊಟ ಮನೇದೇ. ಎರಡು ಇಂಜೆಕ್ಷನ್ ಜೇಬಲ್ಲಿ. ಹಾಲು ಕೆಲಸ ಮುಗಿದ ಮೇಲೆ, ಮನೇಲಿ."

"ಅರ್ಧ ಗಂಟೆಗೊಮ್ಮೆ ರೇಡಿಯೊದಲ್ಲಿ ಮಾತಾಡಬೇಕು. ಒಂದು ಸಲ ತಪ್ಪಿದ್ರೂ ಕೆಳಗಿಳಿಸ್ತೀನಿ."

"ಆಯ್ತು."

ಅವನು ಸಹಿ ಹಾಕಿದ.

ಸೋಮವಾರ ಅವಳು ಏಣಿ ಹತ್ತಿದಳು. ಸ್ಟೋರಿನಲ್ಲಿ ಕೂತು ಕೂತು ಹತ್ತುವ ಅಭ್ಯಾಸ ತಪ್ಪಿತ್ತು. ಎರಡು ಕಡೆ ನಿಂತು ದಣಿವಾರಿಸಿಕೊಂಡಳು. ಮತ್ತೆ ಹತ್ತಿದಳು.